ಮುಳುಗಿದೂರಿನ ಮೇಲೆ ಬಾಡಿಗೆ ದೋಣಿ

ದೋಣಿ ನಡೆಸುವುದನ್ನು ಯಾರು ಬೇಕಾದರೂ ಎಂಟು ದಿನದಲ್ಲಿ ಕಲಿತುಬಿಡಬಹುದು. ದೋಣಿ ನಿಲ್ಲಿಸುವುದೇ ವಿದ್ಯೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಕಲಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತು. ಕಲಿತೆ ಅಂದುಕೊಂಡು ಇನ್ನೊಂದಷ್ಟು ವರ್ಷ ಮೀಸೆ ತಿರುವಿಕೊಂಡು ಮೆರೆದೆ. ಆಮೇಲೆ ಒಂದು ಬೆಳಿಗ್ಗೆ, ಕಲಿತಿರಲಿಲ್ಲ ಅಂತ ಗೊತ್ತಾಯಿತು. ಆ ಬೆಳಿಗ್ಗೆಯ ಕಥೆ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಜವರಯ್ಯ. ಗೊರೂರು ಕಟ್ಟೆಯ ಹಿನ್ನೀರಿನಲ್ಲಿ ಗಾಳ ಹಾಕುವ ಶೋಕಿಯವರನ್ನು ಬಾಡಿಗೆ ದೋಣಿಯಲ್ಲಿ ಕರೆದುಕೊಂಡು ಹೋಗುವುದು ನನ್ನ ಕಸುಬಾಗಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕಡೆಯಿಂದಲೂ ಜನ ಬೆಳಿಗ್ಗೆಯೇ ಬಂದು ಇಡೀ ದಿನಕ್ಕೆ ದೋಣಿ ಹಿಡಿಯುತ್ತಿದ್ದರು. ಕಾಲಿನ ಎರಡು ಮಂಡಿಗಳೂ ಒಂದೇ ವರ್ಷ ಮುಷ್ಕರ ಹೂಡಿದ ಮೇಲೆ ಬಿಟ್ಟೆ. ಈಗ ಅದೇ ದಡದಲ್ಲಿ ನಾಲ್ಕು ಜನ ಹುಡುಗರು ಫೈಬರ್ ದೋಣಿ, ಎಂಜಿನ್ ಎಲ್ಲ ಇಟ್ಟುಕೊಂಡು ಈ ಕೆಲಸಕ್ಕೆ ಇಳಿದಿದ್ದಾರೆ. ನನ್ನನ್ನು ಕಂಡಾಗಲೆಲ್ಲ, “ಅಣ್ಣ, ಮೀನು ಎಲ್ಲಿ ಅವೆ ಯೋಳಣ್ಣ” ಅನ್ನುತ್ತಾರೆ. “ನೀರಲ್ಲಿ ಅವೆ ಕಣ್ರಲಾ” ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಅದಕ್ಕೇ ಹುಡುಗರೇ, ಒಂದೇ ಸಲ ಎಲ್ಲವನ್ನೂ ಹೇಳಿಬಿಡುತ್ತೇನೆ, ಓದಿಕೊಳ್ಳಿ.

ಬಯಲು ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ಅದಕ್ಕೂ ಒಂದು ಗೋಡೆ, ಒಂದು ಮೂಲೆ, ಒಂದು ಮರೆ ಬೇಕು. ಕಟ್ಟೆ ಕಟ್ಟಿ ನೀರು ನಿಲ್ಲಿಸಿದಾಗ ಇಲ್ಲಿದ್ದ ಊರಿನ ಜನ ತೊಲೆ, ಜಂತೆ, ಬಾಗಿಲು, ಹೆಂಚು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋದರು. ಒಯ್ಯಲಾಗದ್ದು ಉಳಿಯಿತು: ಕಲ್ಲಿನ ತಳಪಾಯ, ಜಗಲಿ, ನೆಲದಲ್ಲಿ ಹೂತ ಒರಳು, ಬಾವಿಕಟ್ಟೆ. ಜನ ಬಿಟ್ಟುಹೋದ ಮನೆಗೆ ಮೀನು ಒಕ್ಕಲು ಬಂದವು. ನಾವೆಲ್ಲ ಆ ಜಾಗವನ್ನು ಹಳೇಊರು ಅನ್ನುತ್ತೇವೆ.

ಆ ದೋಣಿಯ ಒಡೆಯರು, ನನ್ನ ಯಜಮಾನರು ಸುಬ್ಬಯ್ಯಣ್ಣ. ಆ ಊರು ಮುಳುಗುವ ಮೊದಲು ಅಲ್ಲಿ ಗದ್ದೆಗೆ ನೀರು ಬಿಡುವ ನೀರುಗಂಟಿಯಾಗಿದ್ದವರು. ಮುಳುಗಿದ ಮೇಲೂ ಅವರ ಪಾಲಿಗೆ ಊರು ಹಾಗೇ ಇತ್ತು. “ಆಲೆಮನೆ ತಾವ ನಿಲ್ಸು” ಅನ್ನುತ್ತಿದ್ದರು. “ಬ್ಯಾಡ, ಅಗಸರ ಹಟ್ಟಿ ಇಂದಕ್ಕೆ ಓಗು.” ಸುತ್ತ ನೋಡಿದರೆ ಬರೀ ನೀರು, ಎರಡು ಬೆಳ್ಳಕ್ಕಿ. ಶಾನುಭೋಗರ ಮನೆಯ ಮೇಲೆ ಮಾತ್ರ ಯಾವತ್ತೂ ನಿಲ್ಲಿಸಲು ಬಿಡುತ್ತಿರಲಿಲ್ಲ. ಯಾಕಣ್ಣ ಅಂದರೆ, “ಬದುಕಿದ್ದಾಗ್ಲೇ ಆ ಮನೇಲಿ ಯಾರ್ಗೂ ಏನೂ ಗಿಟ್ತಿರ್ಲಿಲ್ಲ ಕಣ್ಲಾ, ಈಗ ಗಿಟ್ಟದಾ?” ಅನ್ನುವರು.

ಜಾಗ ಹಿಡಿಯುವುದು ಹೀಗೆ. ದಡದ ಮೇಲೆ ಹತ್ತಿರದ್ದೊಂದು, ದೂರದ್ದೊಂದು ಗುರುತು ನೋಡಿಕೊಳ್ಳಬೇಕು. ಬೋರೆ ಅನ್ನುವ ದಿಬ್ಬದ ಮೇಲಿನ ಬಂಡೆಯ ನೆತ್ತಿಗೆ ಆಚೆ ಗುಡ್ಡದ ಗುಡಿ ಸರಿಯಾಗಿ ಕೂತರೆ ಒಂದು ಗೆರೆ ಆಯಿತು. ಮಗ್ಗುಲ ದಡದಲ್ಲಿ ಇನ್ನೆರಡು ಗುರುತು ಕೂತರೆ ಇನ್ನೊಂದು ಗೆರೆ. ಎರಡು ಗೆರೆ ಕೂಡಿದ ಕಡೆ ಮನೆ. ಆಮೇಲೆ ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲಿನ ತಳಕ್ಕೆ ಬಿಸಿ ರಾಗಿಮುದ್ದೆ ಮೆತ್ತಿ ಕೆಳಗೆ ಬಿಡಬೇಕು. ಮೇಲೆಳೆದಾಗ ಮುದ್ದೆಗೆ ಗೋಡುಮಣ್ಣು ಅಂಟಿದ್ದರೆ ಗದ್ದೆ, ಹೆಂಚಿನ ಚೂರು ಅಂಟಿದ್ದರೆ ಮನೆ. ಮುದ್ದೆಯೇ ಇಲ್ಲದಿದ್ದರೆ ಕೆಳಗೆ ಮೀನಿದೆ, ಬೇಗ ಗಾಳ ಹಾಕಿ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಆ ಮುದ್ದೆ ಮಧ್ಯಾಹ್ನದ ಊಟಕ್ಕೆ ಅಂದುಕೊಂಡು ತಿಂದುಬಿಟ್ಟಿದ್ದೆ. ಸುಬ್ಬಯ್ಯಣ್ಣ ಬೈಯಲಿಲ್ಲ. “ಈಗ ನಿನ್ನನ್ನೇ ಅಗ್ಗಕ್ಕೆ ಕಟ್ಟಿ ಬುಡ್ತೀನಿ ಬಾ” ಅಂದರು.

ಅವರು ಬೈದದ್ದು ಇನ್ನೊಂದು ಸಲ, ಅದೂ ನ್ಯಾಯವಾಗಿಯೇ. ಹಾಸನದಿಂದ ಒಬ್ಬ ದೊಡ್ಡ ಅಧಿಕಾರಿ ತಮ್ಮ ಕೈಕೆಳಗಿನ ಮೂವರನ್ನು ಕಟ್ಟಿಕೊಂಡು ಬಂದರು. ಯಾವ ಆಫೀಸು ಅಂತ ಹೇಳುವುದಿಲ್ಲ. ಕೈಕೆಳಗಿನವರಿಗೆ ಕೂತಲ್ಲಿಂದ ಕೂತಲ್ಲೇ ಗೆಂಡೆಮೀನು ಬೀಳುತ್ತಿವೆ, ಸಾಹೇಬರ ಗಾಳಕ್ಕೆ ಒಂದು ಕಪ್ಪೆಯೂ ಇಲ್ಲ. ಪಾಪ, ಅವರಲ್ಲೊಬ್ಬ ಗುಮಾಸ್ತ ಮೊಳದುದ್ದದ ಗೆಂಡೆ ಎಳೆದವನು ಸಾಹೇಬರ ಮುಖ ನೋಡಿ, ಸದ್ದಿಲ್ಲದೆ ಗಾಳ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟು ಕೈಮುಗಿದ. ಮಧ್ಯಾಹ್ನ ದಾಟಿತು. ಸಾಹೇಬರ ಮೂಗು ಕೆಂಪಾಗುತ್ತಾ ಬಂತು. ನನ್ನ ಬುದ್ಧಿಗೆ ಮಂಕು ಕವಿಯಿತು. ದೋಣಿಯ ಹಿಂದೆ ಐಸ್ ಪೆಟ್ಟಿಗೆಯಲ್ಲಿ ಮನೆಗೆ ಅಂತ ತೆಗೆದಿಟ್ಟಿದ್ದ ಒಂದು ಕಾಟ್ಲಾ ಮೀನು ಇತ್ತು. “ಗಾಳ ಕಲ್ಲಿಗೆ ಸಿಕ್ಕೊಂಡೈತೆ ಸಾ, ಬುಡಿಸ್ತೀನಿ” ಅಂತ ಅವರ ದಾರವನ್ನು ಹಿಂದಕ್ಕೆಳೆದುಕೊಂಡು ಕಾಟ್ಲಾವನ್ನು ಸಿಕ್ಕಿಸಿ ನೀರಿಗೆ ಬಿಟ್ಟೆ.

ಸಾಹೇಬರು ಎಳೆದರು. ಎಲ್ಲರೂ ಚಪ್ಪಾಳೆ. ಸಾಹೇಬರು ಮೀನನ್ನು ಎರಡೂ ಕೈಯಲ್ಲಿ ಹಿಡಿದು, “ಏನಯ್ಯಾ, ಇಷ್ಟು ತಣ್ಣಗಿದೆ?” ಅಂದರು.

“ಆಳದ ನೀರು ಸಾ, ತಂಪು.”

“ಒದ್ದಾಡ್ತಾನೇ ಇಲ್ವಲ್ಲ?”

ಆ ಗುಮಾಸ್ತ ಪುಣ್ಯಾತ್ಮ ಥಟ್ಟನೆ ಅಂದ: “ತಮ್ಮನ್ನ ನೋಡಿ ಗಾಬರಿಗೆ ಎದೆ ಒಡೆದುಹೋಯ್ತು ಸಾರ್.” ಸಾಹೇಬರು ಮೂರು ಫೋಟೋ ತೆಗೆಸಿಕೊಂಡರು.

ನಾನು ಸಂಜೆ ಇದನ್ನು ನಗುನಗುತ್ತಾ ಸುಬ್ಬಯ್ಯಣ್ಣನಿಗೆ ಹೇಳಿದೆ. ಅವರು ನಗಲಿಲ್ಲ. “ಮೀನಿಲ್ಲ ಅಂತ ಯೋಳು, ತೆಪ್ಪಿಲ್ಲ. ಜನ ಬೈಯ್ಕೊಂಡು ಓಯ್ತಾರೆ, ಇನ್ನೊಂದ್ಸಲ ಬತ್ತಾರೆ. ಇಲ್ಲದ್ದ ಐತೆ ಅನ್ಬ್ಯಾಡ. ನೀರ್ ಕೆಳ್ಗೆ ಏನೈತೆ ಅಂತ ಅವ್ರಿಗೆ ಕಾಣಾಕಿಲ್ಲ. ನಿನ್ ಬಾಯ್ನೇ ನಂಬ್ಕೊಂಡು ಕುಂತವ್ರೆ. ಥೂ ನಿನ್ನ!” ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನನಗೆ ನಾಚಿಕೆಯಾಗಿ ಊಟ ಸೇರಲಿಲ್ಲ, ನಿಜವಾಗಿ ಹೇಳುತ್ತೇನೆ.

ಗಿರಾಕಿಗಳಲ್ಲಿ ನನಗೆ ಬಹಳ ಬೇಕಾದವರು ಪದ್ಮರಾಜಯ್ಯನವರು. ಚನ್ನರಾಯಪಟ್ಟಣದ ಕಡೆಯ ಪಾತ್ರೆ ವ್ಯಾಪಾರಿ, ಜೈನರು. ಅವರ ಶಾಲೆಯ ಗೆಳೆಯರೆಲ್ಲ ವರ್ಷಕ್ಕೊಂದು ದಿನ ಗಾಳ ಹಾಕಲು ಬರುತ್ತಿದ್ದರು. ಗೆಳೆತನ ಬಿಡಲಾಗದೆ ಇವರೂ ಬಂದು ದೋಣಿಯ ಮೂತಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಯಾರ ದಾರವಾದರೂ ಅಲ್ಲಾಡಿದರೆ ಜೋರಾಗಿ ಕೆಮ್ಮುವರು. ಹತ್ತುವ ಮೊದಲೇ ನನ್ನ ಕಿವಿಯಲ್ಲಿ, “ಜವರಯ್ಯ, ಮೀನಿಲ್ಲದ ಕಡೆ ನಿಲ್ಸಪ್ಪ, ನಿನಗೆ ಪುಣ್ಯ ಬರುತ್ತೆ” ಅನ್ನುತ್ತಿದ್ದರು. ಒಂದು ವರ್ಷ ಅವರ ಮಾತು ಮೀರಲಾಗದೆ ಶಾನುಭೋಗರ ಮನೆಯ ಮೇಲೆ ನಿಲ್ಲಿಸಿದೆ. ಒಬ್ಬ ಗೆಳೆಯರು ಎಲೆಅಡಿಕೆ ಹಾಕಿಕೊಳ್ಳಲು, “ಒಂದ್ನಿಮಿಷ ಹಿಡ್ಕೊಳ್ಳೋ ಪದ್ಮ” ಅಂತ ಗಾಳದ ಕೋಲನ್ನು ಇವರ ಕೈಗೆ ಕೊಟ್ಟರು. ಅಷ್ಟೇ ನೋಡಿ, ನನ್ನ ಇಡೀ ಜನ್ಮದಲ್ಲಿ ಕಂಡ ಅತಿ ದೊಡ್ಡ ಬಾಳೆಮೀನು ಬಂದು ಅದಕ್ಕೆ ಬಿತ್ತು. “ಅಯ್ಯೋ ಬಿಡಿಸ್ರೋ, ಅಯ್ಯೋ ಬಿಡಿಸ್ರೋ” ಅಂತ ಪದ್ಮರಾಜಯ್ಯನವರು ಅಳುತ್ತಿದ್ದಾರೆ, “ಬಿಡಬೇಡ ಕಣೋ, ಬಿಡಬೇಡ” ಅಂತ ಗೆಳೆಯರು ಕೂಗುತ್ತಿದ್ದಾರೆ. ಕೊನೆಗೆ ಅವರೇ ತಮ್ಮ ಕೈಯಾರೆ ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟರು. ಗೆಳೆಯರು ಊರು ಮುಟ್ಟುವವರೆಗೂ ಅವರ ಜೊತೆ ಮಾತಾಡಲಿಲ್ಲವಂತೆ. ಮರುವರ್ಷ ಮತ್ತೆ ಎಲ್ಲರೂ ಬಂದರು, ಅವರೂ ಬಂದರು, ಮಂಡಕ್ಕಿಯೂ ಬಂತು.

ಇನ್ನು ಗೌರವ್ವನ ವಿಷಯ. ಸುಬ್ಬಯ್ಯಣ್ಣ ತೀರಿಕೊಂಡು ದೋಣಿ ನನ್ನ ಕೈಗೆ ಬಂದ ಮಾರನೆಯ ವರ್ಷ, ಯುಗಾದಿಯ ಮರುದಿನ, ವರ್ಷದೊಡಕಿನ ಬೆಳಿಗ್ಗೆ, ಒಂದು ಕಾರು ಬಂದು ದಡದಲ್ಲಿ ನಿಂತಿತು. ಅರವತ್ತರ ಹತ್ತಿರದ ಒಬ್ಬ ಹೆಂಗಸು ಇಳಿದರು. ಹೊಸ ಸೀರೆ, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಜೊತೆಗೆ ಹೊಳೆನರಸೀಪುರದಲ್ಲಿ ಬಿತ್ತನೆಬೀಜದ ಅಂಗಡಿ ಇಟ್ಟಿದ್ದ ಅವರ ಮಗ ಮಂಜಣ್ಣ.

“ಅಳೇಊರಲ್ಲಿ ನಿಂಗೇಗೌಡ್ರ ಮನೆ ಗೊತ್ತೇನಪ್ಪ?” ಅಂದರು ಗೌರವ್ವ.

“ಗೊತ್ತವ್ವ, ಬಾವಿ ಮಗ್ಗಲು.”

“ಅದು ನನ್ನ ತವರು.”

ಕಥೆ ಇಷ್ಟೇ. ಅವರು ಅರಕಲಗೂಡಿನ ಕಡೆಗೆ ಮದುವೆಯಾಗಿ ಹೋದ ಎರಡೇ ವರ್ಷಕ್ಕೆ ಊರು ಮುಳುಗಿತು. ಅಪ್ಪ ಅಮ್ಮ ಹೋದರು, ಇದ್ದೊಬ್ಬ ಅಣ್ಣನೂ ಹೋದ. ಯುಗಾದಿ ಬಂದರೆ ಓರಗೆಯವರೆಲ್ಲ ತವರಿಗೆ ಹೊರಡುವುದು, ಹಬ್ಬದ ದಿನ ಒಬ್ಬಟ್ಟು, ಮರುದಿನ ಬಾಡೂಟ ಉಂಡು ಬರುವುದು. ಇವರೊಬ್ಬರೇ ಬಾಗಿಲಲ್ಲಿ ಕೂತಿರುವುದು. ಆ ವರ್ಷ ಅವರಿಗೆ ರೇಗಿಹೋಯಿತಂತೆ. “ತವರು ನೀರಲ್ಲಿದ್ರೆ ತವರಲ್ವಾ? ಅಲ್ಲಿ ಬಾಡಿಲ್ಲದಿದ್ರೆ ಮೀನಾದ್ರೂ ಐತಲ್ಲ” ಅಂತ ಹೊರಟು ಬಂದಿದ್ದರು. ಅವರ ಅಪ್ಪನ ಮನೆಯ ಮೇಲೆಯೇ ಹಿಡಿದ ಮೀನು ಬೇಕು. ಪಕ್ಕದ್ದು ಆಗುವುದಿಲ್ಲ. ಅದು ಅವರ ತವರಿನ ಉಡುಗೊರೆ.

ನಾನು ಬೋರೆಯ ಮೇಲಿನ ಹುಣಸೆಮರ, ಅದರ ಹಿಂದಿನ ಗುಡಿಯ ಗುರುತು ಹಿಡಿದು ನಿಲ್ಲಿಸಿದೆ. ಗುಂಡುಕಲ್ಲಿಗೆ ಹೆಂಚಿನ ಚೂರು ಅಂಟಿ ಬಂತು. ಗೌರವ್ವ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡರು. ನೀರಿಗೆ ಅರಿಶಿನ ಕುಂಕುಮ ಬಿಟ್ಟರು. ಡಬ್ಬಿ ತೆರೆದು, “ನಿಮ್ಮ ಮಗಳು ಬಂದವ್ಳೆ ಕಣ್ರಪ್ಪ, ಉಣ್ರಿ” ಅಂತ ಎರಡು ಒಬ್ಬಟ್ಟು ಮುರಿದು ಹಾಕಿದರು. ಒಬ್ಬಟ್ಟಿನಂಥ ಎರೆಯನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಊರಿಗೂರೇ ಬಂದು ನೆರೆದ ಹಾಗೆ ಮೀನು ಮುತ್ತಿದವು. ಒಂದು ಒಳ್ಳೆಯ ಗೆಂಡೆ ಬಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು, “ನಮ್ಮಪ್ಪ ಬರಿಗೈಲಿ ಕಳಿಸ್ತಾನಾ?” ಅಂತ ಆ ಹೆಂಗಸು ಅತ್ತರು. ಅಂದಿನಿಂದ ಒಂಬತ್ತು ವರ್ಷ, ಪ್ರತಿ ವರ್ಷದೊಡಕಿಗೂ ನನ್ನ ದೋಣಿ ಗೌರವ್ವನಿಗೆ ಮೀಸಲು. ಅವತ್ತು ಮಂತ್ರಿ ಬಂದರೂ ಇಲ್ಲ ಅನ್ನುತ್ತಿದ್ದೆ. ಒಂಬತ್ತನೆಯ ವರ್ಷ ಕೈಜಾರಿ ಡಬ್ಬಿಯೂ ನೀರಿನೊಳಗೆ ಹೋಯಿತು. “ಓಗ್ಲಿ ಬುಡು, ನಮ್ಮವ್ವನ ಮನೇಲೇ ತಾನೇ ಬಿದ್ದಿರಾದು” ಅಂದರು.

ಒಂದು ವಿಷಯದಲ್ಲಿ ಮಾತ್ರ ಅವರು ಬೆಂಕಿ. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ ಬೋರೇಗೌಡರದು. ಊರು ಬಿಡುವಾಗ ಎರಡೂ ಮನೆಗೆ ಸೇರಿದ ನಡುಗೋಡೆಯ ಮೇಲಿನ ಹೊನ್ನೆಮರದ ತೊಲೆಯನ್ನು ಬೋರೇಗೌಡರು ತಮ್ಮ ಗಾಡಿಗೆ ಹೇರಿಕೊಂಡರಂತೆ. “ಆ ಮನೆಯೋರ ತೊಟ್ಟು ನೀರೂ ಮುಟ್ಟಾಕಿಲ್ಲ” ಅಂತ ನಿಂಗೇಗೌಡರು ಆಣೆ ಇಟ್ಟರು, ಮಗಳ ಕೈಲೂ ಇಡಿಸಿದರು. ಬೋರೇಗೌಡರ ಮಗಳು ಪುಟ್ಟತಾಯಿ, ಗೌರವ್ವನ ಓರಗೆಯವಳು, ನುಗ್ಗೇಹಳ್ಳಿಗೆ ಕೊಟ್ಟಿದ್ದರು. ಆಟ, ಊಟ, ಜಗಳ ಎಲ್ಲ ಒಂದೇ ಜಗಲಿಯಲ್ಲಿ ಆಗಿದ್ದ ಇಬ್ಬರೂ ಆಮೇಲೆ ಮದುವೆ ಮನೆಗಳಲ್ಲಿ ಎದುರಾದರೆ ಪಂಕ್ತಿ ಬದಲಾಯಿಸಿ ಕೂರುತ್ತಿದ್ದರು. “ಅದೇ ನೋಡು ಆ ಕಡೆ, ತೊಲೆ ಕಳ್ಳರ ಮನೆ” ಅಂತ ಗೌರವ್ವ ದೋಣಿಯಿಂದ ಎಡಕ್ಕೆ ಕೈತೋರಿಸಿ ಪ್ರತಿ ವರ್ಷ ಒಂದು ಸಲ ಉಗಿಯುತ್ತಿದ್ದರು.

ಹತ್ತನೆಯ ವರ್ಷ ಕಟ್ಟೆಯಲ್ಲಿ ನೀರು ಎಂದೂ ಇಳಿಯದಷ್ಟು ಇಳಿಯಿತು. ಯುಗಾದಿಗೆ ವಾರವಿದ್ದಾಗ ನೋಡಲು ಹೋದೆ. ಹಳೇಊರಿನ ಕಲ್ಲುಗಳು ಒಂದೊಂದಾಗಿ ಮೇಲೆದ್ದಿದ್ದವು. ನನಗೆ ಹೆಮ್ಮೆಯೋ ಹೆಮ್ಮೆ. ಜೊತೆಗಿದ್ದ ಹೊಸ ದೋಣಿಯ ಹುಡುಗನಿಗೆ, “ಇದು ಆಲೆಮನೆ, ಇದು ಬಾವಿ, ಬಾವಿ ಮಗ್ಗಲಿಗೆ ನಿಂಗೇಗೌಡರ ಮನೆ” ಅಂತ ತೋರಿಸುತ್ತಾ ಹೋದೆ. ನಿಂಗೇಗೌಡರ ಮನೆ ಒಣಗಿ ಬಿಸಿಲು ಕಾಯುತ್ತಿತ್ತು. ಒಂದು ಗಾಳವೂ ಇಲ್ಲ, ಒಂದೆಳೆ ದಾರವೂ ಇಲ್ಲ. ಅದರಾಚೆ ತಗ್ಗಿನಲ್ಲಿ, ನಡುಗೋಡೆಯ ಆ ಕಡೆ, ಮೊಣಕಾಲುದ್ದ ನೀರಿನಲ್ಲಿ ಬೋರೇಗೌಡರ ಮನೆ. ಅದರ ತಳಪಾಯದ ಕಲ್ಲಿನ ತುಂಬ ನನ್ನ ಗಾಳಗಳು, ನನ್ನ ದಾರ, ಎರಡು ವರ್ಷದ ಹಿಂದೆ ಹಗ್ಗ ಹರಿದುಹೋದ ನನ್ನದೇ ಲಂಗರು.

ಬೋರೆಯ ಕಡೆ ನೋಡಿದೆ. ಒಂಟಿ ಹುಣಸೆಮರ. ಸುಬ್ಬಯ್ಯಣ್ಣ ಗುರುತು ಹೇಳಿಕೊಟ್ಟಾಗ ಅಲ್ಲಿ ಜೋಡಿ ಹುಣಸೆ ಇದ್ದವು. “ಎಡಗಡೆ ಮರಾನ ಗುಡಿಗೆ ಕೂರಿಸ್ಕಬೇಕು” ಅಂದಿದ್ದರು. ಅವರು ಸತ್ತ ವರ್ಷದ ಗಾಳಿಗೆ ಒಂದು ಮರ ಬಿತ್ತು. ಉಳಿದದ್ದೇ ನನ್ನ ಮರ ಅಂದುಕೊಂಡೆ. ಉಳಿದದ್ದು ಬಲಗಡೆಯದು. ಬಿದ್ದದ್ದು ಯಾವುದು ಅಂತ ದಡಕ್ಕೆ ಹೋಗಿ ಬುಡ ನೋಡಿಬರಲು ಕಾಲು ಗಂಟೆ ಸಾಕಿತ್ತು. ಹತ್ತು ವರ್ಷ ಆ ಕಾಲು ಗಂಟೆ ನನಗೆ ಸಿಗಲಿಲ್ಲ. ಅಷ್ಟು ದೊಡ್ಡ ನೀರಿನಲ್ಲಿ ಒಂದೇ ಒಂದು ಗೋಡೆ ತಪ್ಪಿದ್ದೆ, ತಪ್ಪಬಾರದ ಗೋಡೆಯನ್ನೇ ತಪ್ಪಿದ್ದೆ.

ಮನೆಗೆ ಬಂದವನೇ ಗೌರವ್ವನಿಗೆ ಫೋನು ಮಾಡಿದೆ. “ಅವ್ವ, ಈ ವರ್ಸ ನೀರು ಬಾಳ ಕಮ್ಮಿ. ಬರಬ್ಯಾಡಿ.”

“ನೀರು ಕಮ್ಮಿಯಾದ್ರೆ ತವರು ಅತ್ರ ಆಯ್ತು ಬುಡಪ್ಪ” ಅಂದರು. “ಈ ಸಲ ಕಾಲಿಟ್ಟೇ ಬತ್ತೀನಿ.”

ಆಗ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹುಡುಗರೇ, ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಎರಡು ದಿನ ಒಬ್ಬನೇ ಬಗ್ಗಿ, ಬೋರೇಗೌಡರ ಮನೆಯ ಗಾಳಗಳನ್ನೆಲ್ಲ ಬಿಡಿಸಿ ತಂದು, ನಿಂಗೇಗೌಡರ ಮನೆಯ ಕಲ್ಲುಗಳಿಗೆ ಸಿಕ್ಕಿಸಿದೆ. ದಾರವನ್ನು ಒರಳಿಗೆ ಸುತ್ತಿದೆ. ಲಂಗರನ್ನು ಹೊತ್ತು ತಂದು ನಡುಮನೆಯಲ್ಲಿ ಒರಗಿಸಿದೆ. ಈಗ ಈ ಮಂಡಿ ಹೀಗಾಗಿರುವುದಕ್ಕೆ ಡಾಕ್ಟರು ಏನೇನೋ ಹೆಸರು ಹೇಳುತ್ತಾರೆ, ಕಾರಣ ನನಗೆ ಗೊತ್ತು.

ವರ್ಷದೊಡಕು ಬಂತು. ಗೌರವ್ವ ಮಗನ ಕೈಹಿಡಿದು ಗೋಡಿನಲ್ಲಿ ನಡೆದು ಬಂದು ತವರಿನ ಹೊಸ್ತಿಲ ಕಲ್ಲಿಗೆ ನಮಸ್ಕಾರ ಮಾಡಿದರು. “ಇಲ್ಲಿ ನಮ್ಮವ್ವ ಮೊಸರು ಕಡೀತಿದ್ಲು. ಇಲ್ಲಿ ನಮ್ಮಪ್ಪ ಮಲಗ್ತಿದ್ದ. ಅಯ್ಯೋ, ಇಷ್ಟು ಸಣ್ಣ ಮನೇಲಿ ಏಳು ಜನ ಎಂಗಿದ್ದೋ ನಾವು!” ಅಂತ ಮನೆಯೆಲ್ಲ ಓಡಾಡಿದರು. ಗಾಳಗಳನ್ನು ಕಂಡು, “ನೋಡ್ಲಾ ಮಂಜ, ಒಂಬತ್ತು ವರ್ಸ ನಾವು ಇಲ್ಲೇ ಬಂದಿದ್ದು” ಅಂದರು. ನನ್ನ ಎದೆ ಹಗುರಾಯಿತು, ಜೊತೆಗೆ ಕುಟುಕುತ್ತಲೂ ಇತ್ತು.

ಒಣ ಮನೆಯಲ್ಲಿ ಮೀನೆಲ್ಲಿ? ನೀರಿರುವ ಕಡೆ ಕೈಬಲೆ ಆಡಿಸಿ ನೋಡೋಣವೆಂದು ಮಂಜಣ್ಣ ಪಂಚೆ ಎತ್ತಿ ಕಟ್ಟಿಕೊಂಡು ನಡುಗೋಡೆಯ ಆಚೆ ಇಳಿದ. ಎರಡು ಹೆಜ್ಜೆ ಇಟ್ಟವನು ಕಾಲಿಗೆ ಏನೋ ತೊಡರಿ ಎಡವಿದ. ಗೋಡಿನಿಂದ ಅದನ್ನು ಎತ್ತಿ ತೊಳೆದ. ಸ್ಟೀಲ್ ಡಬ್ಬಿ. ನಮ್ಮ ಕಡೆ ಪಾತ್ರೆಯ ಮೇಲೆ ಹೆಸರು ಹೊಡೆಸದೆ ಯಾರೂ ಒಳಗೆ ತರುವುದಿಲ್ಲವಲ್ಲ. ‘ಗೌರಮ್ಮ’ ಅಂತ ಇತ್ತು.

“ಅವ್ವಾ, ನಿನ್ ಡಬ್ಬಿ ಇಲ್ಲೈತೆ!”

ಗೌರವ್ವ ಡಬ್ಬಿ ನೋಡಿದರು. ಬೋರೇಗೌಡರ ಮನೆ ನೋಡಿದರು. ನಡುಮನೆಯಲ್ಲಿ ಒರಗಿಸಿದ್ದ, ಹಿಂದಿನ ದಿನವಷ್ಟೇ ತೊಳೆದಂತಿದ್ದ ನನ್ನ ಲಂಗರು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ತೆಪ್ಪಾಯ್ತವ್ವ” ಅಂದೆ. ಮರದ ಕಥೆ, ಗಾಳದ ಕಥೆ, ಎಲ್ಲ ಕಕ್ಕಿಬಿಟ್ಟೆ.

“ಲೇ ಜವರ! ಒಂಬತ್ತು ವರ್ಸ ತೊಲೆ ಕಳ್ಳರ ಮನೇಲಿ ನನ್ನ ಉಣ್ಣಿಸಿದ್ಯಲ್ಲೋ! ತೊಟ್ಟು ನೀರು ಮುಟ್ಟಾಕಿಲ್ಲ ಅಂತ ನಮ್ಮಪ್ಪನ ಕೈಮೇಲೆ ಆಣೆ ಇಟ್ಟಿದ್ದೆ ಕಣೋ! ಅವರ ನೀರಲ್ಲೇ ಬೆಳೆದದ್ದ ಸಾರು ಮಾಡ್ಕೊಂಡು, ಮುಳ್ಳೂ ಬುಡದಂಗೆ ಚೀಪಿದ್ದೀನಲ್ಲೋ! ನನ್ನ ಒಬ್ಬಟ್ಟೆಲ್ಲ ಅವರ ಮನೆಗೆ ಆಕ್ಬುಟ್ಟೆನಲ್ಲೋ, ನಿನ್ನ ದೋಣಿ ತಳ ತೂತಾಗ!”

ಬೈಗುಳ ಮುಗಿದ ಮೇಲೆ ನಡುಗೋಡೆ ದಾಟಿ ಬಂದು, ನೀರಿನಿಂದ ತುಸು ಮೇಲಿದ್ದ ಬೋರೇಗೌಡರ ಜಗಲಿಯ ಮೇಲೆಯೇ ಕೂತುಬಿಟ್ಟರು. ತವರಿಗೆ ಬಂದವಳು ಬರಿಗೈಲಿ ಹೋಗುವ ವರ್ಷ ಇದು, ಅದೂ ನನ್ನಿಂದ.

ಅವರ ಕೈ ಸುಮ್ಮನೆ ಜಗಲಿಕಲ್ಲಿನ ಗೋಡನ್ನು ಸವರುತ್ತಿತ್ತು. ಸವರುತ್ತಾ ಸವರುತ್ತಾ ನಿಂತಿತು. ಸೆರಗಿನಿಂದ ಒರೆಸಿದರು. ಕಲ್ಲಿನಲ್ಲಿ ಚೌಕಾಬಾರ ಆಟದ ಮನೆಗಳು. ಸೊಟ್ಟ ಸೊಟ್ಟ ಗೆರೆ, ಐದೂ ಕಟ್ಟೆಮನೆಯಲ್ಲಿ ಗುಣಾಕಾರದ ಗುರುತು.

“ಇದ ನಾನೂ ಪುಟ್ಟತಾಯೀನೂ ಮೊಳೇಲಿ ಕೊಯ್ದಿದ್ದು” ಅಂದರು. “ಒಂದು ತಿಂಗ್ಳು ಕೊಯ್ದೋ. ಬೋರೇಗೌಡ ಜಗಲಿ ಆಳ್ಮಾಡಿದ್ರಿ ಅಂತ ಓಡಿಸ್ಕೊಂಡು ಬಂದಿದ್ದ. ಸಂಜೀಕೆ ತಾನೇ ಕವಡೆ ತಂದು ನಮ್ಮ ಜೊತೇಲಿ ಕುಂತ.” ಇದ್ದಕ್ಕಿದ್ದ ಹಾಗೆ ನಗತೊಡಗಿದರು. ನಗುತ್ತಾ ಕಣ್ಣೊರೆಸಿಕೊಂಡರು. “ಉಂಡ ಮನೆ ಜಂತೆ ಎಣಿಸಬಾರ್ದು ಅಂತಾರೆ. ನಾನು ಒಂಬತ್ತು ವರ್ಸ ಈ ಮನೇಲಿ ಉಂಡು, ಇವರ ತೊಲೆ ಎಣಿಸ್ಕೊಂಡು ಕುಂತಿದ್ನಲ್ಲಪ್ಪ. ಜವರ, ಗಾಳ ತಗೊಂಡು ಬಾ. ಈ ಮನೇದು ಒಂದು ಮೀನು ಬ್ಯಾಕು.”

“ಇದು ನಿಮ್ ತವರಲ್ವಲ್ಲವ್ವ.”

“ನನ್ನದಲ್ಲ ಕಣೋ. ಅದಕ್ಕೇ ಬ್ಯಾಕು.”

ಜಗಲಿಯ ಮೇಲೆ ಕೂತು ಮಧ್ಯಾಹ್ನದವರೆಗೆ ಗಾಳ ಹಾಕಿದೆವು. ಕೊನೆಗೆ ತಳಪಾಯದ ಸಂದಿಯಿಂದ ಒಂದು ಕೊರವ ಮೀನು ಸಿಕ್ಕಿತು. ಗೇಣುದ್ದ, ಅದೂ ಬಾಲ ಎಳೆದು ಅಳೆದರೆ. ಗೌರವ್ವ ಅದನ್ನು ಡಬ್ಬಿಯಲ್ಲಿ ನೀರು ಹಾಕಿ ಇಟ್ಟುಕೊಂಡು ಕಾರು ಹತ್ತಿದರು. “ನೀನೂ ಅತ್ತು. ತೆಪ್ಪು ಮಾಡಿದೋನು ಮನೇಲಿ ಉಳ್ಕಂಡ್ರೆ ಎಂಗೆ?” ಅಂದರು. ಮಂಜಣ್ಣ ಚನ್ನರಾಯಪಟ್ಟಣದ ಮೇಲೆ ನುಗ್ಗೇಹಳ್ಳಿಗೆ ಓಡಿಸಿದ. ಪುಟ್ಟತಾಯಿ ಬಾಗಿಲು ಹಾಕಿಕೊಂಡರೆ ಏನು ಮಾಡುವುದು ಅನ್ನುವ ದಿಗಿಲು ದಾರಿಯುದ್ದಕ್ಕೂ ಗೌರವ್ವನ ಮುಖದಲ್ಲಿ ಕಾಣುತ್ತಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಬಿಸಿಲಿಳಿಯುವ ಹೊತ್ತು. ಪುಟ್ಟತಾಯವ್ವ ಮನೆಯ ಮುಂದೆ ಕೊಬ್ಬರಿ ಒಣಹಾಕಿ ಕಾಯುತ್ತಾ ಕೂತಿದ್ದರು. ಬಂದವರು ಯಾರೆಂದು ಹಣೆಗೆ ಕೈಯಿಟ್ಟು ನೋಡಿದರು. ಗುರುತು ಸಿಕ್ಕಿತು. ಏಳಲಿಲ್ಲ, ಬಾ ಅನ್ನಲಿಲ್ಲ, ಕೊಬ್ಬರಿಯ ಕಡೆ ಮುಖ ತಿರುಗಿಸಿದರು. ಗೌರವ್ವನೂ ಹೇಗಿದ್ದೀ ಅನ್ನಲಿಲ್ಲ. ಹೋಗಿ ಅವರ ಮಡಿಲಲ್ಲಿ ಡಬ್ಬಿ ಇಟ್ಟರು.

“ಏನೇ ಇದು?”

“ನಿಮ್ಮಪ್ಪನ ಮನೇದು. ನಿನ್ನ ತವರಿಂದು. ಈ ದರಿದ್ರದೋನು ಜಾಗ ತಪ್ಸಿ, ಒಂಬತ್ತು ವರ್ಸ ನಿಂದ ನಾನೇ ತಿಂದ್ಬುಟ್ಟೆ ಕಣೇ. ಇವತ್ತಿಂದ ನಿಂಗೆ ತಂದಿದ್ದೀನಿ.”

ಪುಟ್ಟತಾಯವ್ವ ಮುಚ್ಚಳ ತೆಗೆದರು. ಒಳಗೆ ಮೀನು ಒಂದು ಸುತ್ತು ತಿರುಗಿತು. ಅವರಿಗೂ ಯುಗಾದಿಗೆ ಕರೆಯುವವರಿಲ್ಲದೆ ನಲವತ್ತು ವರ್ಷ ದಾಟಿತ್ತು ಅನ್ನುವುದು ನನಗೆ ಆಗ ಹೊಳೆಯಿತು. ಅವರು ಡಬ್ಬಿಯನ್ನು ಎತ್ತಿ ಒಂದು ಕಣ್ಣಿಗೆ ಒತ್ತಿಕೊಂಡರು, ಇನ್ನೊಂದು ಕಣ್ಣಿಗೆ ಒತ್ತಿಕೊಂಡರು. ನೀರೆಲ್ಲ ಸೀರೆಯ ಮೇಲೆ ಚೆಲ್ಲಿತು. ಅವರು ಮೂಗೊರೆಸಿಕೊಂಡು ಮತ್ತೊಮ್ಮೆ ಡಬ್ಬಿಯೊಳಗೆ ಇಣುಕಿದರು. ಈ ಸಲ ಸ್ವಲ್ಪ ಹೊತ್ತು, ಅಳತೆ ಮಾಡಿ ನೋಡಿದರು.

“ಒಂಬತ್ತು ವರ್ಸ ದೊಡ್ಡವೆಲ್ಲ ನೀನು ನುಂಗಿ, ನಂಗೆ ಈ ಕಡ್ಡಿ ತಂದಿದ್ದೀಯೇನೇ ಗೌರಿ?” ಅಂದರು. “ಏಳು, ಒಳಕ್ಕೆ ನಡಿ. ಸಾರು ಆಗೋಗಂಟ ಓಗಂಗಿಲ್ಲ ನೀನು.”